"ಇನ್ನೂ ಕೆಲಸಕ್ಕೆ ಹೋಗ್ತೀರಾ?"

ಹೌದು, ಹೋಗುತ್ತೇನೆ. ವಯಸ್ಸು 63. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. 58ಕ್ಕೆ ಶಾಲು ಹೊದಿಸಿ, ಹಾರ ಹಾಕಿ ಬೀಳ್ಕೊಟ್ಟರು. ಮುಂದಿನ ಸೋಮವಾರ ಕಾಂಟ್ರ್ಯಾಕ್ಟ್ ಮೇಲೆ ಬಂದು ಅದೇ ಕುರ್ಚಿಯಲ್ಲಿ ಕೂತೆ. ಇಷ್ಟೇ ವಿಷಯ. ಇನ್ನು ಯಾರಾದರೂ ಕೇಳಿದರೆ ಬಾಯಿ ಬಿಡುವುದಿಲ್ಲ, ಇದನ್ನೇ ಕಳಿಸುತ್ತೇನೆ.

ಕೇಳುವುದು ತಪ್ಪಲ್ಲ. ಆದರೆ ಅದರ ಬಾಲದಲ್ಲಿ ಇನ್ನೊಂದು ಬರುತ್ತದಲ್ಲ, "ಹುಡುಗರಿಗೆ ಜಾಗ ಬಿಡಬಾರದಾ?" ಅಂತ, ಅದು ನನಗೆ ಆಗುವುದಿಲ್ಲ. ಜಾಗ ಬಿಡೋಕೆ ಇದೇನು ಬಿಎಂಟಿಸಿ ಸೀಟಾ? ಅಲ್ಲಾದರೂ 'ಹಿರಿಯ ನಾಗರಿಕರಿಗೆ' ಅಂತ ಬರೆದಿರುತ್ತದೆ. ಅದರ ಕೆಳಗೆ ಕೂತ ಹುಡುಗರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿ ಆಚೆ ನೋಡುತ್ತಿರುತ್ತಾರೆ.

ಹೋದ ವರ್ಷ ಒಂದು ಮದುವೆ ಊಟ. ಪಂಕ್ತಿಯಲ್ಲಿ ನನ್ನ ಪಕ್ಕ ಸರ್ಕಾರಿ ಇಲಾಖೆಯಿಂದ ನಿವೃತ್ತರಾದವರೊಬ್ಬರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಸಾಕು ಮಾಡಿ ಸಾರ್, ನಾವೇ ಕೂತುಬಿಟ್ಟರೆ ಹುಡುಗರು ಎಲ್ಲಿಗೆ ಹೋಗಬೇಕು?" ಅಂದರು. ತುಪ್ಪದ ಹುಡುಗ ಬಗ್ಗಿಕೊಂಡು ಕಾಯುತ್ತಲೇ ಇದ್ದ. ಅವನಿಗೆ ಮಾತ್ರ ಇವರು ಸಾಕು ಅನ್ನಲಿಲ್ಲ.

2008ರಲ್ಲಿ ರಾಜ್ಯ ಸರ್ಕಾರ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಈ ಪುಣ್ಯಾತ್ಮರಿಗೂ ಎರಡು ವರ್ಷ ಸಿಕ್ಕಿತು. ಆಗ "ಬೇಡ, ಹುಡುಗರಿಗೆ ಕೊಡಿ" ಅಂದಿದ್ದರಾ? ಅಲ್ಲಿ ಹುದ್ದೆಗಳು ಎಣಿಸಿಟ್ಟಂತೆ ಇರುತ್ತವೆ. ಮೇಲಿನವರು ಏಳದಿದ್ದರೆ ಕೆಳಗಿನವರ ಬಡ್ತಿ ಸಾಲಾಗಿ ನಿಲ್ಲುತ್ತದೆ. ನಮ್ಮಂಥ ಕಡೆ ಹಾಗಲ್ಲ. ಕಣ್ಣಿನ ಆಪರೇಷನ್‌ಗೆ ಅಂತ ನಾನು ಒಂದು ತಿಂಗಳು ರಜೆ ಹಾಕಿದ್ದೆ. ಮಾಲೀಕರು ಯಾವ ಹುಡುಗನನ್ನೂ ತಗೊಳ್ಳಲಿಲ್ಲ. ನನ್ನ ಕೆಲಸವನ್ನು ಇದ್ದವರಿಗೇ ಹಂಚಿ, "ನಡೀತಲ್ಲ!" ಅಂದರಂತೆ. ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ಎರಡನೇ ಕಣ್ಣಿಗೆ ನಾಲ್ಕೇ ದಿನ ರಜೆ ಹಾಕಿದೆ.

ನಿಮಗೆ ಪಿಂಚಣಿ ಎಷ್ಟು ಬರುತ್ತೆ ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ಕೇಳಿ ಸ್ವಾಮಿ, ಹೇಳುತ್ತೇನೆ. ಪಿಎಫ್ ಪಿಂಚಣಿಗೆ ಹಿಡಿಯುವ ಸಂಬಳದ ಮಿತಿ 2014ರ ಆಗಸ್ಟ್‌ವರೆಗೆ 6,500 ರೂಪಾಯಿ, ಆಮೇಲೆ 15,000. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಲೆಕ್ಕದವನಲ್ವಾ, ನಾಲ್ಕು ಸಲ ಮಾಡಿ ನೋಡಿದೆ. ನಾಲ್ಕು ಸಲವೂ ಮೂರು ಸಾವಿರದ ಚಿಲ್ಲರೆ. ನನ್ನ ಬಿಪಿ ಮಾತ್ರೆಗೆ, ಹೆಂಡತಿಯ ಥೈರಾಯ್ಡ್ ಮಾತ್ರೆಗೆ, ಕರೆಂಟ್ ಬಿಲ್ಲಿಗೆ ಸರಿಹೋಗುತ್ತದೆ. ಮಗ ವಿಜಯನಗರದಲ್ಲಿ ಕೆಪಿಎಸ್‌ಸಿ ಕೋಚಿಂಗ್‌ಗೆ ಹೋಗುತ್ತಾನೆ. ಆ ಫೀಸು ಬರುವುದು ಈ ಕುರ್ಚಿಯಿಂದಲೇ. ಅವನೂ ಹುಡುಗನೇ ಅಲ್ವಾ?

ಎದುರು ಮೇಜಿನವನದು ಮಾತ್ರ ಬೇರೆ. ಒಂಬತ್ತು ವರ್ಷದಿಂದ ನನ್ನ ಅಸಿಸ್ಟೆಂಟ್. ಮೊನ್ನೆ ನೋಡಿದೆ, ಕಿವಿ ಹತ್ತಿರ ಅವನಿಗೂ ಕೂದಲು ಬೆಳ್ಳಗಾಗಿದೆ. ನನ್ನನ್ನು ಆ ಪ್ರಶ್ನೆ ಕೇಳಬಹುದಾದವನು ಅವನೊಬ್ಬನೇ. ಅವನು ಯಾವತ್ತೂ ಕೇಳಿಲ್ಲ. ಪ್ರತಿ ತಿಂಗಳು 20ನೇ ತಾರೀಖಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು. ಎಲ್ಲಾ ತಯಾರು ಮಾಡುವವನು ಅವನೇ. ಕೊನೆಗೆ ತಲೆ ಎತ್ತಿ "ಸಾರ್, ಓಟಿಪಿ" ಅನ್ನುತ್ತಾನೆ. ಅದು ನನ್ನ ಮೊಬೈಲಿಗೆ ಬರುತ್ತದೆ. ಕನ್ನಡಕ ಹುಡುಕಿ, ಹಾಕಿಕೊಂಡು, ಒಂದೊಂದೇ ಅಂಕಿ ಓದಿ ಹೇಳುತ್ತೇನೆ. ನಂಬರ್ ಬದಲಾಯಿಸುವುದು ದೊಡ್ಡ ಕೆಲಸವೇನಲ್ಲ. ಎರಡು ವರ್ಷದಿಂದ ಮಾಡಿಲ್ಲ.