ಲೋಳೆ ಬಿಡಿಸುವ ಕಿಣ್ವಗಳು

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಪು ತೊಳೆಸುವಾಗಲೆಲ್ಲ, ಬ್ಲೀಚಿಂಗ್ ಪೌಡರ್ ಸುರಿದರೆ ಕೆಲಸ ಮುಗಿಯಿತೆಂದೇ ಎಲ್ಲರ ಎಣಿಕೆ. ಆದರೆ ಗೋಡೆಯ ಮೇಲೆ ಬೆರಳಾಡಿಸಿದರೆ ಜಾರುವ ಆ ತೆಳು ಲೋಳೆ, ಅಂದರೆ ಬಯೋಫಿಲ್ಮ್, ಬರೀ ಕೊಳೆಯಲ್ಲ; ಬ್ಯಾಕ್ಟೀರಿಯಾಗಳು ಪಾಲಿಸ್ಯಾಕರೈಡ್ (ಸಕ್ಕರೆ ಅಣುಗಳ ಸರಪಳಿ), ಪ್ರೋಟೀನ್ ಹಾಗೂ ಕೋಶದ ಹೊರಗಿನ ಡಿಎನ್‌ಎಗಳಿಂದ ತಾವೇ ಕಟ್ಟಿಕೊಂಡ ಕೋಟೆ. ಕ್ಲೋರಿನ್ ಮೇಲ್ಪದರದಲ್ಲೇ ಬಹುಪಾಲು ಖರ್ಚಾಗುವುದರಿಂದ ಒಳಗಿನವು ಉಳಿದುಕೊಂಡು ಮತ್ತೆ ಹಬ್ಬುತ್ತವೆ. ಸಂಪಿಗಾದರೆ ಮೊದಲು ಬ್ರಷ್ ಹಾಕಿ ತಿಕ್ಕಿಸುವುದೇ ಲೇಸು. ಬ್ರಷ್ ಸಲೀಸಾಗಿ ನುಗ್ಗದ ಕಿರುನಾಳಗಳಿಗೆ ಕಿಣ್ವಗಳ, ಅಂದರೆ ಎನ್‌ಜೈಮುಗಳ, ನೆರವು ಬೇಕು.

ಪ್ರೋಟಿಯೇಸ್ ಪ್ರೋಟೀನನ್ನು ತುಂಡರಿಸಿದರೆ, ಅಮೈಲೇಸ್, ಸೆಲ್ಯುಲೇಸ್‌ಗಳು ತಮಗೆ ಹೊಂದುವ ಪಾಲಿಸ್ಯಾಕರೈಡುಗಳನ್ನು ಕತ್ತರಿಸುತ್ತವೆ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಎಳೆಯ ಪದರವನ್ನು, ಡಿಎನ್‌ಎ ಕತ್ತರಿಸುವ ಕಿಣ್ವವಾದ ಡಿಎನ್‌ಏಸ್ ಕರಗಿಸುತ್ತದೆಂದು 2002ರಲ್ಲೇ ಸಂಶೋಧಕರು ತೋರಿಸಿದ್ದರು. ಬಲಿತ ಪದರದ ಮುಂದೆ ಮಾತ್ರ ಅದರ ಆಟ ಅಷ್ಟಾಗಿ ನಡೆಯಲಿಲ್ಲ.

ಈ ಕಿಣ್ವಗಳು ಲೋಳೆಯನ್ನು ಬಿಡಿಸುತ್ತವೆಯೇ ಹೊರತು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ. ಆದ್ದರಿಂದಲೇ ಆಸ್ಪತ್ರೆಗಳಲ್ಲಿ ಎಂಡೋಸ್ಕೋಪನ್ನು (ದೇಹದೊಳಗೆ ತೂರಿಸಿ ನೋಡುವ ಕೊಳವೆ) ಕಿಣ್ವದ ದ್ರಾವಣದಲ್ಲಿ ನೆನೆಸಿ, ಒಳನಾಳಗಳಿಗೆ ಸಣ್ಣ ಬ್ರಷ್ ತೂರಿಸಿ ಉಜ್ಜಿ, ಚೆನ್ನಾಗಿ ಜಾಲಿಸಿದ ಮೇಲಷ್ಟೇ ಸೋಂಕುನಿವಾರಕದಲ್ಲಿ ಮುಳುಗಿಸುತ್ತಾರೆ. ಸಮಯ ಉಳಿಸಲೆಂದು ಕಿಣ್ವಕ್ಕೆ ಬ್ಲೀಚು ಬೆರೆಸಿದರೆ ಕಿಣ್ವವೇ ಕೆಡುತ್ತದೆ. ಕುದಿಯುವ ನೀರು ಹಾಕಿದರೂ ಸಾಮಾನ್ಯವಾಗಿ ಅದೇ ಗತಿ.