ಚಿಕ್ಕಮ್ಮನ ಫೋನಿನಲ್ಲಿ ನನ್ನ ಇನ್ನೊಂದು ಹೆಸರು

ಮಿಸೆಸ್ ಹಡ್ಸನ್ ಬಗ್ಗೆ ಯಾರೂ ಜಾಸ್ತಿ ಯೋಚಿಸುವುದಿಲ್ಲ. ಆರ್ಥರ್ ಕಾನನ್ ಡಾಯ್ಲ್ ಕಥೆಗಳ ಪತ್ತೇದಾರ ಷರ್ಲಾಕ್ ಹೋಮ್ಸ್ ಬಾಡಿಗೆಗಿದ್ದ, ಲಂಡನ್ನಿನ ಬೇಕರ್ ಸ್ಟ್ರೀಟ್ ಮನೆಯ ಒಡತಿ ಅವಳು. ತಿಂಡಿ ತಂದಿಡುತ್ತಾಳೆ, ಬಂದವರಿಗೆ ದಾರಿ ತೋರಿಸುತ್ತಾಳೆ, ಅಷ್ಟೇ. ನಾನು ಬರೆಯುತ್ತಿರುವುದು ಅವಳ ಕಥೆ.

1891ರಲ್ಲಿ ಹೋಮ್ಸ್ ಸ್ವಿಟ್ಜರ್ಲೆಂಡಿನ ಜಲಪಾತಕ್ಕೆ ಬಿದ್ದು ಸತ್ತ ಅಂತ ಎಲ್ಲರೂ ನಂಬುತ್ತಾರೆ. 1894ರಲ್ಲಿ ಅವನು ಜೀವಂತ ವಾಪಸ್ ಬರುತ್ತಾನೆ. ಅಷ್ಟು ದಿನ ಸಿಗರ್ಸನ್ ಎಂಬ ಬೇರೆ ಹೆಸರಿಟ್ಟುಕೊಂಡು, ನಾರ್ವೆಯವನು ಅಂತ ಹೇಳಿಕೊಂಡು ದೇಶ ಸುತ್ತಿರುತ್ತಾನೆ. ಈ ಮೂರು ವರ್ಷವೂ ಅವನ ಕೋಣೆ, ಕಾಗದಪತ್ರ ಎಲ್ಲ ಇದ್ದ ಹಾಗೇ ಇರುತ್ತವೆ. ಹಾಗೆ ನೋಡಿಕೊಂಡವನು ಅಣ್ಣ ಮೈಕ್ರಾಫ್ಟ್. ಮೂಲದಲ್ಲಿ ಈ ವಿಷಯ ಒಂದೆರಡು ಮಾತಿನಲ್ಲೇ ಮುಗಿದುಹೋಗುತ್ತದೆ. ನನ್ನ ಮನಸ್ಸು ಮಾತ್ರ ಅಲ್ಲೇ ನಿಂತುಬಿಟ್ಟಿತು. ಸತ್ತವನ ಕೋಣೆಯನ್ನು ವರ್ಷಗಟ್ಟಲೆ ಗುಡಿಸಿ ಒರೆಸಿಟ್ಟ ಹೆಂಗಸಿಗೆ ಏನನ್ನಿಸುತ್ತಿತ್ತು?

ಫ್ಯಾನ್ ಫಿಕ್ಷನ್ ಅಂದರೆ ಇದೇ. ನಮಗೆ ತುಂಬಾ ಇಷ್ಟವಾದ ಕಥೆಯಲ್ಲಿ ಲೇಖಕರು ಬಿಟ್ಟುಹೋದ ಜಾಗಕ್ಕೆ ಹೋಗಿ ಕೂರುವುದು. ದುಡ್ಡಿಗಲ್ಲ. ಓದಿದವರು ‘ಇಷ್ಟವಾಯಿತು’ ಅಂದರೆ ಸಾಕು. ಹೀಗೆ ಒಂದೇ ಕಥೆಯನ್ನು ಪ್ರೀತಿಸುವವರೆಲ್ಲ ಸೇರಿದರೆ ಅದು ಫ್ಯಾಂಡಮ್. ಅಲ್ಲಿ ಯಾರೂ ಯಾರ ನಿಜವಾದ ಹೆಸರನ್ನೂ ಕೇಳುವುದಿಲ್ಲ. ಎಲ್ಲೂ ಬರೆದಿಡದ ಮರ್ಯಾದೆ ಅದು. ನನ್ನ ಅತಿ ಹತ್ತಿರದ ಗೆಳತಿಯರಲ್ಲಿ ಒಬ್ಬಳ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಅವಳು ನನ್ನ ಬೀಟಾ. ಅಂದರೆ ನಾನು ಬರೆದದ್ದನ್ನು ಮೊದಲು ಓದಿ ತಿದ್ದಿಕೊಡುವವಳು. ಇಂಗ್ಲೆಂಡಿನಲ್ಲಿ ಇದ್ದಾಳೆ ಅನ್ನುವುದು ಗೊತ್ತು. ಆ ಕಾಲದ ಲಂಡನ್ ಮನೆಗಳಲ್ಲಿ ಕಲ್ಲಿದ್ದಲು ಎಲ್ಲಿ ತುಂಬಿಡುತ್ತಿದ್ದರು, ಅಗ್ಗಿಷ್ಟಿಕೆಯ ಬೂದಿ ಯಾರು ತೆಗೆಯುತ್ತಿದ್ದರು ಅನ್ನುವುದನ್ನೆಲ್ಲ ಅವಳೇ ನನಗೆ ಹೇಳಿಕೊಟ್ಟದ್ದು. ಅವಳ ಅಮ್ಮ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ರಾತ್ರಿಯೆಲ್ಲ ನನ್ನ ಜೊತೆ ಮಾತಾಡಿದ್ದಾಳೆ. ಹೆಸರು ಗೊತ್ತಿಲ್ಲದ್ದು ನಮ್ಮ ಸ್ನೇಹಕ್ಕೆ ಯಾವತ್ತೂ ಅಡ್ಡ ಬಂದಿಲ್ಲ.

ನಮ್ಮ ಕಥೆಗಳು ಇರುವುದು ಆರ್ಕೈವ್ ಆಫ್ ಅವರ್ ಓನ್ ಎಂಬ ತಾಣದಲ್ಲಿ. 2009ರಲ್ಲಿ ಎಲ್ಲರಿಗೂ ತೆರೆದದ್ದು. ಅಭಿಮಾನಿಗಳೇ ಕಟ್ಟಿ, ಸ್ವಯಂಸೇವಕರೇ ನಡೆಸುತ್ತಿರುವ ಜಾಗ. ಜಾಹೀರಾತು ಇಲ್ಲ. 2019ರಲ್ಲಿ ಇದಕ್ಕೆ ವೈಜ್ಞಾನಿಕ ಕಥೆಗಳ ಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಬಂದಾಗ ನಾವೆಲ್ಲ ನಮಗೇ ಬಂದಷ್ಟು ಖುಷಿಪಟ್ಟಿದ್ದೆವು. ಅಲ್ಲಿ ಖಾತೆ ತೆರೆಯಲು ಒಂದು ಇಮೇಲ್ ಕೊಟ್ಟು ಆಹ್ವಾನಕ್ಕೆ ಕಾಯಬೇಕು ಅಷ್ಟೇ, ಫೋನ್ ನಂಬರ್ ಕೇಳುವುದಿಲ್ಲ. ಒಂದೇ ಖಾತೆಯಲ್ಲಿ ಬೇರೆ ಬೇರೆ ಹೆಸರಿಟ್ಟುಕೊಂಡು ಬರೆಯಬಹುದು. ಈ ಸಣ್ಣ ಸಣ್ಣ ವ್ಯವಸ್ಥೆಗಳ ಬೆಲೆ ನನಗೆ ಪೂರ್ತಿ ಗೊತ್ತಾದದ್ದು ಗೌರಿ ಹಬ್ಬದ ದಿನ, ಅರಸೀಕೆರೆಯ ಚಿಕ್ಕಮ್ಮನ ಮನೆಯಲ್ಲಿ.

ಅಡುಗೆಮನೆಯಲ್ಲಿ ಒಬ್ಬಟ್ಟಿನ ಕೆಲಸ ನಡೆದಿತ್ತು. ನಾನು ಕಣಕದ ಉಂಡೆ ಮಾಡಿಕೊಡುತ್ತಿದ್ದೆ. ಚಿಕ್ಕಮ್ಮನ ಮಗಳು ಚಿಕ್ಕಮ್ಮನ ಫೋನ್ ಹಿಡಿದುಕೊಂಡು ಒಳಗೆ ಬಂದಳು. “ಅಕ್ಕಾ, ಇದು ನೀನೇ ಅಲ್ವಾ?”

ಅವಳು ಅಮ್ಮನಿಗಾಗಿ ಒಂದು ಹೊಸ ಆ್ಯಪ್ ಹಾಕಿಕೊಟ್ಟಿದ್ದಳಂತೆ. ಅದು ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳಿತು, ಕೊಟ್ಟಳು. ಮರುಕ್ಷಣವೇ ‘ನಿಮಗೆ ಪರಿಚಯ ಇರಬಹುದಾದವರು’ ಅಂತ ಒಂದು ಪಟ್ಟಿ ಬಂತು. ಅದರಲ್ಲಿ ನನ್ನ ಬರವಣಿಗೆಯ ಹೆಸರಿನ ಖಾತೆಯೂ ಇತ್ತು. ಮುಖ ಇಲ್ಲ, ಊರಿಲ್ಲ. ಇದ್ದದ್ದು ನನ್ನ ಮೇಜಿನ ಚಿತ್ರ ಮಾತ್ರ. ಆ ಮೇಜಿನ ಮೇಲೆ ಪೆನ್ನು ಇಡುವ ಹಿತ್ತಾಳೆ ಚೊಂಬು ಇದೆ. ಅಜ್ಜಿಯದು, ಒಂದು ಕಡೆ ಜಜ್ಜಿಹೋಗಿದೆ. ಆ ಚೊಂಬಿನಲ್ಲಿ ನಾವಿಬ್ಬರೂ ಚಿಕ್ಕವರಿದ್ದಾಗ ನೀರು ಕುಡಿದಿದ್ದೇವೆ. ಅವಳಿಗೆ ಗುರುತು ಸಿಗದೆ ಇರುತ್ತದೆಯೇ? ಅಲ್ಲಿಂದ ಕಥೆಯ ಕೊಂಡಿ ಒತ್ತಿ, ಮೊದಲ ಎರಡು ಅಧ್ಯಾಯ ಓದಿಯೇ ಬಂದಿದ್ದಳು.

ಆ್ಯಪ್‌ಗೆ ನನ್ನ ನಂಬರ್ ಗೊತ್ತಿತ್ತು. ಖಾತೆಯ ಭದ್ರತೆಗೆ ಅಂತ ಅದೇ ಕೇಳಿ ಪಡೆದದ್ದು. ನಾನು ನನ್ನ ಕಾಂಟ್ಯಾಕ್ಟ್ಸ್ ಯಾವತ್ತೂ ಕೊಟ್ಟಿರಲಿಲ್ಲ. ಆದರೆ ನನ್ನ ನಂಬರ್ ನನ್ನ ಹತ್ತಿರ ಮಾತ್ರ ಇರುತ್ತದೆಯೇ? ಚಿಕ್ಕಮ್ಮನ ಫೋನಿನಲ್ಲಿದೆ, ಆಫೀಸಿನವರ ಫೋನಿನಲ್ಲಿದೆ, ಹಾಲಿನವರು, ಗ್ಯಾಸಿನವರು, ಹಳೇ ಮನೆಯ ಮಾಲೀಕರು, ಎಲ್ಲರ ಹತ್ತಿರವೂ ಇದೆ. ಅವರಲ್ಲಿ ಯಾರೇ ಒಬ್ಬರು ಅನುಮತಿ ಕೊಟ್ಟರೂ ಸಾಕು, ಎರಡೂ ಕಡೆಯ ನಂಬರ್ ಹೊಂದಿಸಿ ನೋಡಿದರೆ ನನ್ನ ಎರಡು ಹೆಸರು ಒಂದಾಗಿಬಿಡುತ್ತದೆ. ಇದರಲ್ಲಿ ಚಿಕ್ಕಮ್ಮನ ತಪ್ಪೇನೂ ಇಲ್ಲ. ಭದ್ರತೆಗೆ ಅಂತ ಪಡೆದ ನಂಬರನ್ನು ಪರಿಚಯ ಮಾಡಿಸಲು ಬಳಸುವುದು ಮೋಸ ಅಂತಲೇ ನಾನು ಹೇಳುತ್ತೇನೆ.

ಚಿಕ್ಕಮ್ಮನಿಗೆ ಖುಷಿಯೋ ಖುಷಿ. ಕೈಯಲ್ಲಿದ್ದ ಒಬ್ಬಟ್ಟಿನ ಎಲೆ ಅಲ್ಲೇ ಬಿಟ್ಟರು. “ನಮ್ಮ ಹುಡುಗಿ ಇಂಗ್ಲಿಷಲ್ಲಿ ಕಥೆ ಬರೀತಾಳೆ! ದೇಶದೇಶದವರು ಓದ್ತಾರೆ! ಇರು, ಗ್ರೂಪಿಗೆ ಹಾಕ್ತೀನಿ.” ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡೇಬಿಟ್ಟರು. ನಮ್ಮ ಮನೆಯವರ ಗ್ರೂಪಿನಲ್ಲಿ ಅತ್ತೆಯಂದಿರು, ಬೀಗರು, ದೂರದ ಸೋದರಮಾವಂದಿರು, ಅವರ ಸೊಸೆಯರು ಎಲ್ಲ ಇದ್ದಾರೆ.

“ಬೇಡಿ ಚಿಕ್ಕಮ್ಮ, ದಯವಿಟ್ಟು ಹಾಕಬೇಡಿ” ಅಂದೆ.

“ಯಾಕೆ ಪುಟ್ಟಾ? ಏನಾದ್ರೂ ಬರೆಯಬಾರದ್ದು ಬರೆದಿದ್ದೀಯಾ?”

ಈ ಪ್ರಶ್ನೆ ಕೇಳದವರೇ ಇಲ್ಲ. ಮುಚ್ಚಿಟ್ಟರೆ ಅದು ಕೆಟ್ಟದ್ದೇ ಇರಬೇಕು ಅಂತ ಲೆಕ್ಕ. ನನ್ನ ಕಥೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಪುಸ್ತಕದ ಕಪಾಟು ಒರೆಸುತ್ತಾಳೆ. ಅದಕ್ಕಿಂತ ಜಾಸ್ತಿ ಏನೂ ನಡೆಯುವುದಿಲ್ಲ. ಆದರೂ ಅದನ್ನು ಯಾರಿಗೆ ತೋರಿಸಬೇಕು ಅನ್ನುವುದನ್ನು ನಾನು ಹೇಳಬೇಕು, ಅಲ್ವಾ? ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ತೀರ್ಪಿಗೆ ಹೆಸರು ಬಂದಿರುವುದು ನಮ್ಮವರಿಂದಲೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಚಾರವಾಗಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರಿಗೆ ಮುಚ್ಚಿಡುವಂಥದ್ದು ಏನಿತ್ತು ಅಂತ ಯಾರಾದರೂ ಕೇಳಲು ಸಾಧ್ಯವೇ?

ಆದರೆ ಅಡುಗೆಮನೆಯಲ್ಲಿ ನಿಂತು ಚಿಕ್ಕಮ್ಮನಿಗೆ ತೀರ್ಪಿನ ವಿಷಯ ಹೇಳಲಾಗುವುದಿಲ್ಲ. ನನಗೆ ಹೇಳಲು ಬೇರೆ ಒಂದು ವಿಷಯ ಇತ್ತು.

ನಮ್ಮ ಫ್ಯಾಂಡಮ್ಮಿನಲ್ಲಿ ಒಬ್ಬಳು ಶಾಲಾ ಶಿಕ್ಷಕಿ ಇದ್ದಳು. ಹೋಮ್ಸ್‌ನ ಗೆಳೆಯ ಡಾಕ್ಟರ್ ವ್ಯಾಟ್ಸನ್ ಬಗ್ಗೆ ಅವಳಷ್ಟು ಚೆನ್ನಾಗಿ ಬರೆದವರನ್ನು ನಾನು ನೋಡಿಲ್ಲ. ಅವಳು ಒಂದು ದಿನ ಮಳೆಯ ಬಗ್ಗೆ ಬರೆದಿದ್ದಳು, ಇನ್ನೊಂದು ದಿನ ಪರೀಕ್ಷೆ ಮುಂದೆ ಹೋದದ್ದನ್ನು, ಮತ್ತೊಮ್ಮೆ ಬಸ್ಸು ತಪ್ಪಿದ್ದನ್ನು. ಬಿಡಿಬಿಡಿಯಾಗಿ ನೋಡಿದರೆ ಯಾವುದರಲ್ಲೂ ಏನೂ ಇಲ್ಲ. ಅವಳ ಮೇಲೆ ಸಿಟ್ಟಿದ್ದ ಯಾರೋ ಎಲ್ಲವನ್ನೂ ಕೂತು ಜೋಡಿಸಿದರು. ಊರು ಸಿಕ್ಕಿತು, ಶಾಲೆ ಸಿಕ್ಕಿತು, ಮುಖ್ಯೋಪಾಧ್ಯಾಯರಿಗೆ ಕಥೆಗಳ ಸ್ಕ್ರೀನ್‌ಶಾಟ್ ಹೋಯಿತು. ಅವಳು ರಾತ್ರೋರಾತ್ರಿ ತನ್ನ ಎಲ್ಲ ಕಥೆಗಳನ್ನೂ ‘ಆರ್ಫನ್’ ಮಾಡಿದಳು. ನಮ್ಮ ತಾಣದಲ್ಲಿ ಆ ಸೌಲಭ್ಯ ಇದೆ. ಕಥೆ ಉಳಿಯುತ್ತದೆ, ಬರೆದವರ ಹೆಸರು ಅಳಿಸಿಹೋಗುತ್ತದೆ. ಒಮ್ಮೆ ಮಾಡಿದರೆ ವಾಪಸ್ ಪಡೆಯಲು ಆಗುವುದಿಲ್ಲ. ಅವಳ ವ್ಯಾಟ್ಸನ್ ಇವತ್ತಿಗೂ ಅಲ್ಲಿದ್ದಾನೆ. ಹೊಸಬರು ಓದಿ, ಇದು ಯಾರು ಬರೆದದ್ದು ಅಂತ ಕೇಳುತ್ತಾರೆ. ಗೊತ್ತಿರುವ ನಾವು ಹೇಳುವುದಿಲ್ಲ. ಅವಳು ಮತ್ತೆ ಬರೆಯಲೂ ಇಲ್ಲ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವಳ ಗುಟ್ಟು ಹೊರಬಿದ್ದ ಮೇಲೆ ಅವಳ ಜೊತೆ ಮಾತಾಡುತ್ತಿದ್ದವರನ್ನೂ ಹುಡುಕಲು ಶುರುಮಾಡಿದರು. ಅದೇ ನನಗೆ ಭಯ. ನನ್ನ ಪುಟ ಅಂದರೆ ನಾನೊಬ್ಬಳೇ ಅಲ್ಲ. ಅಲ್ಲಿ ನನ್ನ ಬೀಟಾ ಹೆಸರಿದೆ. ಓದಿ ಬರೆಯುವವರಿದ್ದಾರೆ. ಅವರಲ್ಲಿ ಕಾಲೇಜು ಹುಡುಗಿಯರಿದ್ದಾರೆ, ಮನೆಯಲ್ಲಿ ಯಾರಿಗೂ ಹೇಳಿಕೊಳ್ಳಲಾಗದ್ದನ್ನು ಕಥೆಯ ನೆಪದಲ್ಲಿ ಹೇಳಿಕೊಂಡವರಿದ್ದಾರೆ. ಚಿಕ್ಕಮ್ಮನ ಒಂದು ಮೆಸೇಜಿನಿಂದ ಅವರೆಲ್ಲ ನನ್ನ ಸೋದರಮಾವಂದಿರ ಮುಂದೆ ಬಂದು ನಿಲ್ಲುತ್ತಾರೆ. ನನ್ನ ಹೆಸರು ಹೇಳಿಬಿಡಲು ನನಗೆ ಒಂದು ದಿನ ಮನಸ್ಸಾಗಬಹುದು. ಅವರ ಪರವಾಗಿ ಆ ತೀರ್ಮಾನ ಮಾಡುವ ಅಧಿಕಾರ ನನಗಿಲ್ಲ.

ಇದನ್ನೆಲ್ಲ ಅರ್ಧಂಬರ್ಧ ಹೇಳಿದೆ. ಚಿಕ್ಕಮ್ಮ ಫೋನ್ ಕೆಳಗಿಟ್ಟರು. ಸ್ವಲ್ಪ ಹೊತ್ತು ಹೂರಣದ ಉಂಡೆ ಕಟ್ಟಿದರು. ಆಮೇಲೆ ಹೇಳಿದರು: “ಮೇಲಿನ ರೂಮಲ್ಲಿ ರೈಲ್ವೆ ಹುಡುಗ ಇದ್ದಾನಲ್ಲ. ಅವನು ಡ್ಯೂಟಿಗೆ ಹೋದಾಗ ಬೀಗದ ಕೈ ನನ್ನ ಹತ್ರಾನೇ ಇರುತ್ತೆ. ಟ್ಯಾಂಕ್ ನೀರು ನೋಡೋಕೆ ಹೋಗ್ತೀನಿ, ಬರ್ತೀನಿ. ಅವನ ಮೇಜಿನ ಮೇಲಿನ ಕಾಗದ ಯಾವತ್ತೂ ಮುಟ್ಟಿಲ್ಲ. ಹಂಗೇ ತಾನೇ ಇದೂ?”

ಹಾಗೇ ಚಿಕ್ಕಮ್ಮ, ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಅಂದೆ.

ಬೇರೆ ಹೆಸರಲ್ಲಿ ಬರೆಯುವುದು ಕನ್ನಡಕ್ಕೆ ಹೊಸದಲ್ಲ. ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ, ಎಲ್ಲರಿಗೂ ಗೊತ್ತಿದ್ದ ರಾಮನ ಕಥೆಯನ್ನೇ ಹೊಸದಾಗಿ ಬರೆದರು. ಹಳೇ ಕವಿಯ ಪ್ರತಿ ಸಿಕ್ಕಿದೆ ಅಂತ ಹೇಳಿ ಮೈಸೂರಿಗೆ ಕಳಿಸಿದರು. ನಮಗೆ ಅವರು ಇವತ್ತು ಮುದ್ದಣ. ಅನಸೂಯಾ ಅವರು ತ್ರಿವೇಣಿ ಎಂಬ ಹೆಸರಿನಲ್ಲಿ ಬರೆದರು. ಅವರ ಕಾಲದಲ್ಲಿ ಬರೆದವರು ಯಾರು ಅಂತ ಓದುಗರು ಪತ್ರ ಬರೆದು ಸಂಪಾದಕರನ್ನು ಕೇಳಬೇಕಿತ್ತು, ಹೇಳುವುದು ಬಿಡುವುದು ಸಂಪಾದಕರಿಗೆ ಬಿಟ್ಟದ್ದು. ನಡುವೆ ಒಬ್ಬ ಮನುಷ್ಯ ಇದ್ದ. ಈಗ ಆ ಜಾಗದಲ್ಲಿ ಪರಿಚಯ ಮಾಡಿಸುವುದನ್ನೇ ಕೆಲಸ ಮಾಡಿಕೊಂಡ ಯಂತ್ರ ಕೂತಿದೆ. ಅದಕ್ಕೆ ನಮ್ಮ ಸಂಕೋಚವೂ ತಿಳಿಯುವುದಿಲ್ಲ, ಭಯವೂ ತಿಳಿಯುವುದಿಲ್ಲ.

ಯಂತ್ರ ಅಂದಾಗ ಇನ್ನೊಂದು ನೆನಪಾಗುತ್ತದೆ. 2025ರಲ್ಲಿ ನಮ್ಮ ತಾಣದ ಸುಮಾರು 1 ಕೋಟಿ 26 ಲಕ್ಷ ಕೃತಿಗಳನ್ನು ಯಾರೋ ಒಟ್ಟಿಗೆ ಎಳೆದುಕೊಂಡು, ಎಐ ತರಬೇತಿಯ ಸಾಮಗ್ರಿ ಸಿಗುವ ಕಡೆ ಹಾಕಿದ್ದರು. ತಾಣದವರು ದೂರು ಕೊಟ್ಟರು. ಎಲ್ಲರಿಗೂ ತೆರೆದಿಟ್ಟಿದ್ದ ಕಥೆಗಳು ಹೋಗಿದ್ದವು, ಬೀಗ ಹಾಕಿದ್ದವು ಉಳಿದಿದ್ದವು. ಆಮೇಲೆ ಬಹಳ ಜನ ತಮ್ಮ ಕಥೆಗಳನ್ನು ಖಾತೆ ಇರುವವರಿಗೆ ಮಾತ್ರ ಕಾಣುವ ಹಾಗೆ ಮಾಡಿಕೊಂಡರು. ಖಾತೆ ಇಲ್ಲದ ಓದುಗರಿಗೆ ಬೇಜಾರಾಗುತ್ತದೆ ಅಂತ ನಾನು ಮಾಡಿರಲಿಲ್ಲ. ಅರಸೀಕೆರೆಯಿಂದ ವಾಪಸ್ ಬರುವ ರೈಲಿನಲ್ಲಿ ಮಾಡಿದೆ. ಆ್ಯಪ್‌ನಿಂದ ನಂಬರ್ ತೆಗೆದೆ. ಭದ್ರತೆಗೆ ನಂಬರಿನ ಬದಲು ಕೋಡ್ ಕೊಡುವ ಬೇರೆ ಆ್ಯಪ್ ಜೋಡಿಸಿದೆ. ನಂಬರಿನಿಂದ ಹುಡುಕಲು ಬಿಡುವ ಆಯ್ಕೆ ನಾಲ್ಕು ಪುಟಗಳ ಒಳಗೆ ಅಡಗಿತ್ತು, ಅದನ್ನೂ ಆಫ್ ಮಾಡಿದೆ. ಚೊಂಬಿನ ಚಿತ್ರ ತೆಗೆಯುವಾಗ ಮಾತ್ರ ಸಂಕಟವಾಯಿತು.

ಬೀಟಾಗೆ ಎಲ್ಲವನ್ನೂ ಬರೆದೆ. ನಿನ್ನ ಹೆಸರನ್ನು ನನ್ನ ಟಿಪ್ಪಣಿಯಿಂದ ತೆಗೆಯಲೇ ಅಂತ ಕೇಳಿದೆ. ಹೆಸರು ಇರಲಿ, ಎರಡನೇ ಅಧ್ಯಾಯದ ಕೆಳಗೆ ತನ್ನ ಕೆಲಸದ ಬಗ್ಗೆ ಬರೆದಿರುವ ಸಾಲು ಮಾತ್ರ ತೆಗೆ ಅಂದಳು. ತೆಗೆದೆ. ಓದುಗರು ಬರೆದದ್ದನ್ನೆಲ್ಲ ಇನ್ನೊಮ್ಮೆ ನೋಡಿದೆ. ಒಬ್ಬ ಹುಡುಗಿ ತನ್ನ ಕಾಲೇಜಿನ ಹೆಸರು ಬರೆದಿದ್ದಳು. ಅವಳಿಗೆ ತಿಳಿಸಿ, ಅವಳು ಒಪ್ಪಿದ ಮೇಲೆ ಅದನ್ನೂ ಅಳಿಸಿದೆ.

ಚಿಕ್ಕಮ್ಮ ಮಾತು ಉಳಿಸಿಕೊಂಡಿದ್ದಾರೆ. ಗ್ರೂಪಿಗೆ ಏನೂ ಹೋಗಿಲ್ಲ. ನಾನು ಕಥೆಯನ್ನು ಹೆಸರಿಲ್ಲದೆ ಪ್ರಿಂಟ್ ತೆಗೆದು ಕಳಿಸಿದೆ. ಮಗಳು ಒಂದೊಂದೇ ಪುಟ ಓದಿ ಅರ್ಥ ಹೇಳುತ್ತಾಳಂತೆ. ಮೊನ್ನೆ ಫೋನ್ ಮಾಡಿದ್ದರು. “ಅಲ್ಲ ಕಣೆ, ಸತ್ತವನ ರೂಮಿಗೆ ಅವನಣ್ಣ ತಿಂಗಳು ತಿಂಗಳು ಬಾಡಿಗೆ ಕಳಿಸ್ತಾನೆ, ಒಂದು ಕಾಗದಾನೂ ಕದಲಿಸಬೇಡ ಅಂತಾನೆ. ಮನೆ ಬಾಡಿಗೆಗೆ ಕೊಟ್ಟವಳಿಗೆ ಅಷ್ಟೂ ಗೊತ್ತಾಗಲ್ವಾ? ಅವಳಿಗೆ ಗೊತ್ತಿತ್ತು. ಬದುಕಿದ್ದಾನೆ ಅಂತ ಗೊತ್ತಿತ್ತು. ಬಾಯಿ ಬಿಡಲಿಲ್ಲ ಅಷ್ಟೇ.”

ಮೂಲದಲ್ಲಿ ಹೋಮ್ಸ್ ವಾಪಸ್ ಬಂದಾಗ ಮಿಸೆಸ್ ಹಡ್ಸನ್ ಕಿರುಚಾಡಿ ಗಾಬರಿಯಾಗುತ್ತಾಳೆ. ಅದನ್ನು ಹೇಳಿದೆ. “ಎದುರಿಗೆ ಬಂದು ನಿಂತರೆ ಗೊತ್ತಿದ್ದವರಿಗೂ ಗಾಬರಿ ಆಗುತ್ತೆ” ಅಂದರು. ಬೀಟಾಗೆ ಇದನ್ನು ಬರೆದು ಕಳಿಸಿದೆ. ನಿನ್ನ ಚಿಕ್ಕಮ್ಮ ಹೇಳಿದ್ದೇ ಸರಿ ಅಂತ ತಕ್ಷಣ ಉತ್ತರ ಬಂತು. ಈಗ ಮೂರನೇ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇವೆ.