ಹಂಚಿನ ಪಾಚಿ: ಕೆಲಸ ಅಕ್ಟೋಬರಿನದು, ಮೇ ತಿಂಗಳದ್ದಲ್ಲ

ಗೋವಾದಲ್ಲಿ ಹಂಚಿನ ಮನೆಯವರಿಗೆ ಮಾಡಿನ, ಅಂದರೆ ಛಾವಣಿಯ, ನೆನಪಾಗುವುದು ಮೇ ತಿಂಗಳಲ್ಲಿ. ಇನ್ನು ಎರಡು ವಾರಕ್ಕೆ ಮಳೆ ಅನ್ನುವಾಗ ಆಳು ಹುಡುಕಿ, ಒಡೆದ ನಾಲ್ಕು ಹಂಚು ಬದಲಿಸಿ, ಒಣಗಿ ಕಪ್ಪು ಹೊಪ್ಪಳೆಯಾದ ಪಾಚಿಯನ್ನು ಗುಡಿಸಿ ಇಳಿಸುತ್ತಾರೆ. ಮಾಡು ಕೆಂಪಗೆ ಕಾಣುತ್ತದೆ, ಎಲ್ಲರಿಗೂ ಸಮಾಧಾನ. ಆಗಸ್ಟ್ ಹೊತ್ತಿಗೆ ಮತ್ತೆ ಅದೇ ಹಸಿರು ಹಾಸಿಗೆ. "ಇಲ್ಲಿಯ ಮಳೆಯೇ ಹಾಗೆ" ಅಂತ ಬೈದು ಸುಮ್ಮನಾಗುತ್ತಾರೆ.

ಮಳೆಯೇನೋ ಜೋರು, ವರ್ಷಕ್ಕೆ ಸುಮಾರು 3000 ಮಿಲಿಮೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೆ ತಪ್ಪು ಮಳೆಯದ್ದಲ್ಲ, ಕೆಲಸದ ತಿಂಗಳದ್ದು. ಮೇಯಲ್ಲಿ ಗುಡಿಸಿದ ಪಾಚಿ ಸತ್ತದ್ದಲ್ಲ, ಒಣಗಿ ಮಲಗಿದ್ದು. ಪಾಚಿಗೆ ಬೇರಿಲ್ಲ. ನೂಲಿನಂಥ ಎಳೆಗಳಿಂದ ಹಂಚಿನ ಒರಟು ಮೈಗೆ ಅಂಟಿಕೊಂಡು, ನೀರನ್ನು ಎಲೆಯಿಂದಲೇ ಹೀರುತ್ತದೆ. ನೀರು ಸಿಗದಿದ್ದರೆ ಮುದುಡಿಕೊಂಡು ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಮೊದಲ ಮಳೆ ಬಿದ್ದರೆ ಗಂಟೆಯೊಳಗೆ ಹಸಿರಾಗುತ್ತದೆ. ಪೊರಕೆಗೆ ಬರುವುದು ಮೇಲಿನ ಮೆತ್ತೆ ಮಾತ್ರ. ಹಂಚಿನ ರಂಧ್ರದಲ್ಲಿ ಉಳಿದ ಎಳೆ, ಚೂರು, ಬೀಜಕದ ಪುಡಿ ಇವೆಲ್ಲ ಜೂನ್ ಕಾಯುತ್ತ ಕೂತಿರುತ್ತವೆ.

ಇನ್ನೊಂದು ಗೊಂದಲ. ಮಾಡಿನ ಮೇಲಿರುವುದೆಲ್ಲ ಒಂದೇ ಪಾಚಿಯಲ್ಲ. ಬೆರಳಿಗೆ ಮೆತ್ತಗೆ ಸಿಗುವ ಹಸಿರು ದಿಂಬು ಒಂದು. ಇಳಿಜಾರಿನುದ್ದಕ್ಕೂ ಮಸಿ ಬಳಿದಂತೆ ಕಾಣುವ ಕಪ್ಪು ಇನ್ನೊಂದು, ಅದು ಬರಿಗಣ್ಣಿಗೆ ಬಿಡಿಯಾಗಿ ಕಾಣದ ಸೂಕ್ಷ್ಮಜೀವಿಗಳ ಪದರ. ನಾಣ್ಯದಂತೆ ದುಂಡಗೆ ಬೂದಿ ಬಣ್ಣದಲ್ಲಿ ಅಂಟಿರುವುದು ಕಲ್ಲುಹೂವಿನ ಜಾತಿ. ಕಪ್ಪು ಪದರದಿಂದ ಮಾಡು ವಿಕಾರವಾಗಿ ಕಾಣಬಹುದು, ಸೋರುವುದಿಲ್ಲ. ಕಲ್ಲುಹೂವನ್ನು ಕೆರೆಯಲು ಹೋದರೆ ಹಂಚಿನ ಮೈಯೂ ಎದ್ದು ಬರುತ್ತದೆ, ಬಿಟ್ಟುಬಿಡುವುದೇ ಲೇಸು. ಮಾಡನ್ನು ಹಾಳು ಮಾಡುವುದು ಹಸಿರು ದಿಂಬು. ಹೇಗೆ ಅಂತ ತಿಳಿಯಲು ಒಂದು ಹಂಚು ಬಿಚ್ಚಿ ನೋಡಬೇಕು.

ಮಂಗಳೂರು ಹಂಚನ್ನು ಬೋರಲು ಹಾಕಿ. ಬೆನ್ನಿನ ಮೇಲ್ತುದಿಯಲ್ಲಿ ರೀಪಿಗೆ (ಹಂಚು ಹೊರುವ ಮರದ ಅಡ್ಡಪಟ್ಟಿಗೆ) ಸಿಕ್ಕಿಕೊಳ್ಳುವ ಹಲ್ಲುಗಳಿವೆ. ಒಂದು ಪಕ್ಕದಲ್ಲಿ ಉದ್ದಕ್ಕೂ ತೋಡು, ಇನ್ನೊಂದು ಪಕ್ಕದಲ್ಲಿ ಆ ತೋಡಿನೊಳಗೆ ಕೂರುವ ಏಣು. ಪಕ್ಕದ ಹಂಚಿನ ಸಂದಿಯಲ್ಲಿ ಇಳಿದ ನೀರು ಈ ತೋಡಿನಲ್ಲಿ ಹರಿದು ಕೆಳಗಿನ ಹಂಚಿನ ಮೇಲ್ಮೈಗೆ ಬೀಳಬೇಕು. ಪಾಚಿ ಕಟ್ಟಿದ ಮಾಡಿನ ಹಂಚಾದರೆ ಆ ತೋಡಿನಲ್ಲಿ ಕರಿ ಮಣ್ಣು ತುಂಬಿರುತ್ತದೆ: ಧೂಳು, ಕೊಳೆತ ಎಲೆ, ಅದರ ಮೇಲೆ ಬೆಳೆದ ಪಾಚಿ. ಹಂಚಿನ ಮೇಲ್ತುದಿಯಲ್ಲಿ ಒದ್ದೆ ಗೆರೆಯೊಂದು ಕಾಣುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಪಾಚಿ ನೀರನ್ನು ಇಳಿಜಾರಿನ ಎದುರಿಗೆ ಎಳೆದು, ಹಂಚಿನ ತಲೆ ದಾಟಿಸಿ ರೀಪಿಗೆ ಮುಟ್ಟಿಸುತ್ತದೆ. ಹಲ್ಲು ಕೂರುವ ಜಾಗದಲ್ಲಿ ರೀಪು ಕಪ್ಪಾಗಿರುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ತುದಿ ಅರ್ಧ ಸೆಂಟಿಮೀಟರ್ ಸಲೀಸಾಗಿ ಇಳಿದರೆ ಆ ರೀಪಿನ ಕಥೆ ಮುಗಿಯಿತು. ಒಳಗೆ ಹನಿ ಬೀಳುವ ಹೊತ್ತಿಗೆ ರೀಪು ಕೊಳೆಯಲು ಶುರುವಾಗಿ ಎರಡು ಮೂರು ಮಳೆಗಾಲ ಕಳೆದಿರುತ್ತದೆ.

ಹಂಚಿನ ಬೆನ್ನಲ್ಲಿ ಕಾರ್ಖಾನೆಯ ಮುದ್ರೆ ಓದಿ ನೋಡಿದರೆ ಗೋವಾದಲ್ಲಿರುವ ನಮ್ಮ ಕನ್ನಡದವರಿಗೆ ಖುಷಿಯಾಗುವುದುಂಟು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹಂಚು ಕರಾವಳಿಯುದ್ದಕ್ಕೂ ಹಬ್ಬಿತು. ಗೋವಾದ ಹಳೆ ಮನೆಗಳ ಮೇಲೆ ಇವತ್ತಿಗೂ ಊರಿನ ಹೆಸರು ಸಿಗುತ್ತದೆ.

ಪಾಚಿ ಎಲ್ಲಿ ಹೆಚ್ಚು? ಉತ್ತರ ದಿಕ್ಕಿನ ಇಳಿಜಾರಿನಲ್ಲಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಇಲ್ಲಿ ಅದು ಅರ್ಧ ಸತ್ಯ. ಗೋವಾ ಇರುವುದು ಸುಮಾರು 15.5 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಹಾಗಾಗಿ ನಡು ಮಳೆಗಾಲದಲ್ಲಿ ದಿಕ್ಕಿಗಿಂತ ಮರದ ನೆರಳೇ ಮುಖ್ಯ. ಹಲಸು, ಮಾವಿನ ಕೊಂಬೆ ಚಾಚಿದಲ್ಲಿ ಯಾವ ದಿಕ್ಕಾದರೂ ಒಂದೇ. ಉತ್ತರದ ಇಳಿಜಾರು ಹಿಂದೆ ಬೀಳುವುದು ಮಳೆ ಬಿಟ್ಟ ಮೇಲೆ. ಸೂರ್ಯ ದಕ್ಷಿಣಕ್ಕೆ ಸರಿದಾಗ ಆ ಮೈ ಒಣಗಲು ಇನ್ನೂ ಕೆಲವು ವಾರ ಬೇಕಾಗುತ್ತದೆ, ಅಷ್ಟು ದಿನ ಪಾಚಿ ಬೆಳೆಯುತ್ತಲೇ ಇರುತ್ತದೆ. ಮಾಡಿಗೆ ತಾಗುವ ಕೊಂಬೆಯನ್ನು ಆರು ಅಡಿಯಷ್ಟಾದರೂ ಹಿಂದಕ್ಕೆ ಕತ್ತರಿಸಿದರೆ ಪಾಚಿಗೆ ಹೊಡೆಯುವ ಔಷಧ ಅರ್ಧ ಉಳಿಯುತ್ತದೆ.

ಇನ್ನು ಅಕ್ಟೋಬರ್. ಮಳೆ ನಿಂತು ಸತತ ಎರಡು ಮೂರು ದಿನ ಬಿಸಿಲು ಕಂಡ ಮೇಲೆ, ಪಾಚಿ ಇನ್ನೂ ಹಸಿರಾಗಿ ಒದ್ದೆಯಾಗಿರುವಾಗ ಔಷಧ ಹೊಡೆಯಬೇಕು. ಜೀವಂತ ಪಾಚಿ ಔಷಧವನ್ನು ನೀರಿನ ಹಾಗೆಯೇ ಕುಡಿಯುತ್ತದೆ. ಒಣಗಿ ಮುದುಡಿದ್ದಕ್ಕೆ ಹೊಡೆದರೆ ಬಹುಪಾಲು ಜಾರಿ ಸೂರಿನ ಮಳೆನೀರಿನ ದೋಣಿಗೆ ಹೋಗುತ್ತದೆ. ಮೊದಲು ಒಂದು ಇಂಚಿಗಿಂತ ದಪ್ಪಗಿರುವ ದಿಂಬುಗಳನ್ನು ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಎತ್ತಿ ತೆಗೆಯಿರಿ, ಇಲ್ಲದಿದ್ದರೆ ಔಷಧ ಬುಡಕ್ಕೆ ಇಳಿಯುವುದಿಲ್ಲ. ತಂತಿ ಬ್ರಷ್ ಬೇಡ, ಅದು ಹಂಚಿನ ಮೈ ಗೀರುತ್ತದೆ, ಮುರಿದ ತಂತಿ ತುಕ್ಕಾಗಿ ಕಲೆ ಬಿಡುತ್ತದೆ.

ಔಷಧ ಎಂದರೆ ಬೆಂಜಾಲ್ಕೋನಿಯಂ ಕ್ಲೋರೈಡ್. ಸಿಗಡಿ ಸಾಕುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಬಿಕೆಸಿ ಅಂದರೆ ಸಾಕು. 50 ಶೇಕಡಾ, 80 ಶೇಕಡಾ ಎರಡೂ ಇರುತ್ತವೆ, ಕ್ಯಾನ್ ಮೇಲೆ ಓದಿಯೇ ಅಳತೆ ಮಾಡಿ. 50ರದ್ದಾದರೆ 10 ಲೀಟರ್ ದ್ರಾವಣಕ್ಕೆ 400 ಮಿಲಿಲೀಟರ್. ಇದು 2 ಶೇಕಡಾ ಆಯಿತು, ದಪ್ಪ ಪಾಚಿಗೆ. ತೆಳು ಹಸಿರಿಗೆ 200 ಸಾಕು. ಔಷಧವನ್ನು ನೀರಿಗೆ ಹಾಕಿ, ನೀರನ್ನು ಔಷಧಕ್ಕಲ್ಲ, ಇಲ್ಲದಿದ್ದರೆ ಟ್ಯಾಂಕ್ ತುಂಬ ನೊರೆ. ಬೆನ್ನಿಗೆ ಹಾಕುವ 16 ಲೀಟರಿನ ಕೃಷಿ ಸ್ಪ್ರೇಯರ್ ಚೆನ್ನ. ಸಣ್ಣ ಒತ್ತಡದಲ್ಲಿ, ಮಂಜಿನಂತಲ್ಲ, ಹನಿಹನಿಯಾಗಿ ಬೀಳಬೇಕು. 1000 ಚದರಡಿ ಮಾಡಿಗೆ 20ರಿಂದ 25 ಲೀಟರ್ ದ್ರಾವಣ ಹಿಡಿಯುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ, ಮಾಡಿನ ಮೇಲೆ ಹತ್ತದೆ ಏಣಿಯಿಂದಲೇ ಹೊಡೆದರೆ ಒಳ್ಳೆಯದು. ಆಮೇಲೆ 24 ಗಂಟೆ ಮಳೆ ಬೀಳಬಾರದು.

ಇಲ್ಲಿ ಎಲ್ಲರೂ ಮಾಡುವ ಒಂದು ಎಡವಟ್ಟಿದೆ. "ಚೆನ್ನಾಗಿ ಹಿಡಿಯಲಿ" ಅಂತ ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸುತ್ತಾರೆ. ಸೋಪು ಮತ್ತು ಬಿಕೆಸಿ ಪರಸ್ಪರ ವಿರುದ್ಧ ವಿದ್ಯುದಂಶದವು, ಸೇರಿದ ಕೂಡಲೇ ಎರಡೂ ನಿಷ್ಪ್ರಯೋಜಕ. ಮೊದಲೇ ಸೋಪು ನೀರಿನಿಂದ ತೊಳೆದ ಮಾಡಾದರೆ ಪೂರ್ತಿ ಜಾಲಾಡಿದ ಮೇಲೆಯೇ ಔಷಧ.

ಹೊಡೆದ ಮೇಲೆ ತೊಳೆಯಬೇಡಿ, ಉಜ್ಜಬೇಡಿ. ಒಂದರಿಂದ ಮೂರು ವಾರದಲ್ಲಿ ಹಸಿರು ಹಳದಿಯಾಗಿ ಕಂದಾಗುತ್ತದೆ. ಹಸಿರು ಉಳಿದ ಕಡೆ ಮಾತ್ರ ಇನ್ನೊಮ್ಮೆ. ಜನವರಿ, ಫೆಬ್ರವರಿಗೆ ಸತ್ತ ಪಾಚಿ ಗರಿಗರಿಯಾಗಿರುತ್ತದೆ, ತೆಂಗಿನ ಕಡ್ಡಿ ಪೊರಕೆಗೆ ತಾನಾಗಿ ಬರುತ್ತದೆ. ಗುಡಿಸುವುದು ಯಾವಾಗಲೂ ನೆತ್ತಿಯಿಂದ ಸೂರಿನ ಕಡೆಗೆ. ಮೇಲ್ಮುಖವಾಗಿ ಗುಡಿಸಿದರೆ ಕಸವೆಲ್ಲ ಹಂಚಿನ ಅಡಿಗೇ ಹೊಕ್ಕುತ್ತದೆ. ಪಕ್ಕದ ತೋಡಿಗೆ ಬಿದಿರಿನ ಸಿಬಿರು ಬೇಕು. ಬೇಸರದ ಕೆಲಸ, ಆದರೆ ಸೋರಿಕೆ ನಿಲ್ಲುವುದು ಇದರಿಂದಲೇ.

ಬ್ಲೀಚ್ ಆಗದೇ? ಆಗುತ್ತದೆ. 10 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಒಂದು ಭಾಗಕ್ಕೆ ನಾಲ್ಕು ಭಾಗ ನೀರು ಹಾಕಿ ಹೊಡೆದರೆ ಮಾಡು ಅದೇ ದಿನ ಬಿಳಿಚಿಕೊಳ್ಳುತ್ತದೆ. ಆ ಬೇಗವೇ ಜನಕ್ಕೆ ಮೋಡಿ. ಆದರೆ ಇಲ್ಲಿಯ ಸೆಖೆಯಲ್ಲಿ ಕ್ಯಾನ್ ಒಂದೆರಡು ತಿಂಗಳು ಇಟ್ಟರೆ ಸತ್ವ ಇಳಿದಿರುತ್ತದೆ. ಸತು ಲೇಪದ ತಗಡು, ಅಲ್ಯುಮಿನಿಯಂ ದೋಣಿ ತುಕ್ಕು ಹಿಡಿಯುತ್ತವೆ, ಕೆಳಗಿನ ಗಿಡ ಸುಟ್ಟುಹೋಗುತ್ತದೆ, ಉಳಿದ ಉಪ್ಪು ಹಂಚಿಗಿಳಿಯುತ್ತದೆ. ಬ್ಲೀಚನ್ನು ಆಸಿಡ್ ಜೊತೆ ಸೇರಿಸಿದರೆ ಕ್ಲೋರಿನ್ ಅನಿಲ ಬರುತ್ತದೆ, ಬಿಕೆಸಿ ಜೊತೆಗೂ ಬೇಡ. ಬರೀ ಆಸಿಡ್ ಸುರಿದು ತೊಳೆಯುವವರಿದ್ದಾರೆ. ಅದು ಪಾಚಿಗಿಂತ ಮೊದಲು ನೆತ್ತಿಯ ಮೂಲೆ ಹಂಚಿನ ಗಾರೆ ತಿನ್ನುತ್ತದೆ. ಕಲ್ಲುಪ್ಪು ಎರಚುವುದು ಇನ್ನೂ ಕೆಟ್ಟದ್ದು: ಉಪ್ಪು ಹಂಚಿನ ರಂಧ್ರದಲ್ಲಿ ಹರಳುಗಟ್ಟಿ ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ.

ಶಿರಸಿ, ಸಿದ್ದಾಪುರ ಕಡೆಯಿಂದ ಬಂದವರು ಬೋರ್ಡೋ ದ್ರಾವಣ ಕೇಳುತ್ತಾರೆ. ಅಡಿಕೆಯ ಕೊಳೆಗೆ ಹೊಡೆಯುವ ಅದೇ ಲೆಕ್ಕ, 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ತಾಮ್ರ ಪಾಚಿಗೆ ವಿಷ, ಸಂಶಯವಿಲ್ಲ. ಆದರೆ ಮಾಡಿಗೆ ನೀಲಿ ಬಿಳಿ ಬಣ್ಣ ಬರುತ್ತದೆ, ತಗಡಿನ ದೋಣಿಯಿದ್ದರೆ ತಾಮ್ರದ ನೀರು ಅದನ್ನು ತೂತು ಮಾಡುತ್ತದೆ. ನನ್ನ ಮಟ್ಟಿಗೆ ಅದು ತೋಟದಲ್ಲೇ ಇರಲಿ. ನೆತ್ತಿಗೆ ತಾಮ್ರದ ಪಟ್ಟಿ ಹೊಡೆಯುವ ಉಪಾಯಕ್ಕೂ ಇದೇ ತಗಡಿನ ತೊಂದರೆಯಿದೆ, ಅದಲ್ಲದೆ ನೆತ್ತಿಯಿಂದ ಕೆಳಗಿಳಿದಂತೆ ಅದರ ಗುಣ ಕಡಿಮೆಯಾಗುತ್ತ ಹೋಗುತ್ತದೆ.

ಬಾವಿ ಇರುವ ಮನೆಯಾದರೆ ಮೊದಲು ಬಾವಿಗೆ ತಾಡಪಾಲು ಮುಚ್ಚಿ. ಬಿಕೆಸಿ ಮೀನಿಗೆ ವಿಷ. ದೋಣಿಯ ನೀರು ಬಾವಿಗೋ ಟಾಕಿಗೋ ಹೋಗುವಂತಿದ್ದರೆ ಪೈಪು ಬಿಚ್ಚಿಡಿ. ಮುಂದಿನ ಜೂನ್‌ನಲ್ಲಿ ಮೊದಲ ಎರಡು ಮೂರು ಜೋರು ಮಳೆ ಹೊರಗೆ ಹರಿದು ಹೋದ ಮೇಲೆ ಜೋಡಿಸಿ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ.

ಪ್ರೆಷರ್ ವಾಷರ್ ಬಗ್ಗೆ ಒಂದು ಮಾತು, ಸ್ವಲ್ಪ ಕೋಪದ್ದು. ಬಾಡಿಗೆಗೆ ಸಿಗುತ್ತದೆ, ಅರ್ಧ ದಿನದಲ್ಲಿ ಮಾಡು ಹೊಸದರಂತೆ ಕಾಣುತ್ತದೆ, ಹಣ ಕೊಟ್ಟವರಿಗೂ ತೃಪ್ತಿ. ಹಂಚು ಗೂಡಿನಲ್ಲಿ ಬೇಯುವಾಗ ಮೈ ಮೇಲೆ ಗಟ್ಟಿ ತೆಳು ತೊಗಲು ಬಂದಿರುತ್ತದೆ. ಆ ನೀರಿನ ಹೊಡೆತ ತೊಗಲನ್ನೇ ಕಿತ್ತು ಒಳಗಿನ ಒರಟು ಮಣ್ಣನ್ನು ಬಯಲಿಗೆ ಹಾಕುತ್ತದೆ. ಮುಂದಿನ ಮಳೆಗೆ ಹೆಚ್ಚು ನೀರು, ಹೆಚ್ಚು ಪಾಚಿ. ಜೊತೆಗೆ ಕೆಳಗಿನಿಂದ ಮೇಲಕ್ಕೆ ಹೊಡೆದ ನೀರು ಹಂಚಿನ ಅಡಿ ನುಗ್ಗಿ ರೀಪನ್ನು ನೆನೆಸುತ್ತದೆ.

ಹಂಚು ಬದಲಿಸುವ ಕೆಲಸ ಮಾತ್ರ ಏಪ್ರಿಲ್, ಮೇಗೆ ಇರಲಿ. ಒಡೆದ ಹಂಚಿನ ಮೇಲಿನೆರಡನ್ನು ಮರದ ಬೆಣೆ ಕೊಟ್ಟು ಎತ್ತಿ, ಹಳೆಯದನ್ನು ಎಳೆದು, ಹೊಸದನ್ನು ಹಲ್ಲು ರೀಪಿಗೆ ಸಿಗುವ ತನಕ ಮೇಲಕ್ಕೆ ತಳ್ಳಬೇಕು. ಅಂಗಡಿಗೆ ಒಡೆದ ಹಂಚನ್ನೇ ಮಾದರಿಗೆ ಒಯ್ಯಿರಿ. ಭಾರತೀಯ ಮಾನಕದಲ್ಲೇ 410 × 235, 420 × 250, 425 × 260 ಮಿಲಿಮೀಟರ್ ಅಂತ ಮೂರು ಅಳತೆಗಳಿವೆ. ಅಳತೆ ಕೂಡಿದರೂ ತೋಡು ಕೂಡದೇ ಹೋಗಬಹುದು. ಹಳೆ ಮನೆ ಕೆಡವಿದ ಸಾಮಾನು ಮಾರುವಲ್ಲಿ ಅದೇ ಮುದ್ರೆಯ ಹಂಚು ಸಿಕ್ಕರೆ ಹೊಸದಕ್ಕಿಂತ ಮೇಲು. ಕೊಂಕಣಿಯವರಲ್ಲಿ ನಳೆ ಅಂತಲೂ ಮರಾಠಿಯವರಲ್ಲಿ ಕೌಲ ಅಂತಲೂ ಕೇಳಿ. ಮಾಡಿನ ಮೇಲೆ ಕಾಲಿಡುವುದು ಎರಡು ಹಂಚು ಒಂದರ ಮೇಲೊಂದು ಕೂತ ಜಾಗದಲ್ಲಿ, ಅಡಿಗೆ ರೀಪು ಇರುವಲ್ಲಿ. ನಡು ಹಂಚಿಗೆ ಕಾಲಿಟ್ಟರೆ ಒಡೆಯುತ್ತದೆ. ಅಡ್ಡ ಹಲಗೆ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿ, ಪೂರ್ತಿ ಒಣಗಿದ ದಿನವೇ ಹತ್ತಿ. ನೆತ್ತಿಯ ಮೂಲೆ ಹಂಚಿನ ಗಾರೆ ಬಿರುಕು ಬಿಟ್ಟಿದ್ದರೆ ಬರೀ ಸಿಮೆಂಟ್ ಬೇಡ, ಅದು ಮತ್ತೆ ಬಿರಿಯುತ್ತದೆ. ಸಿಮೆಂಟ್ 1, ಸುಣ್ಣ 1, ಮರಳು 6.

ಈಗಿನ ಬಂಗಲೆಗಳದ್ದು ಬೇರೆ ಪಾಡು. ಓರೆ ಕಾಂಕ್ರೀಟ್ ಹಾಕಿ ಅದರ ಮೇಲೆ ಗಾರೆಯಲ್ಲಿ ಹಂಚು ಕೂರಿಸುತ್ತಾರೆ. ಅಡಿಯಲ್ಲಿ ಗಾಳಿಯಿಲ್ಲ, ಹಂಚು ನವೆಂಬರ್ ತನಕ ಒದ್ದೆ. ಕೆಂಪು ಬಣ್ಣ ಬಳಿದರೆ ಅಡಿಯಿಂದ ಬರುವ ತೇವ ಬಣ್ಣವನ್ನು ಸಿಪ್ಪೆಯಾಗಿ ಎಬ್ಬಿಸುತ್ತದೆ, ಆ ಸಿಪ್ಪೆಯ ಅಡಿಯಲ್ಲಿ ಪಾಚಿಗೆ ಸುಖ. ಬಳಿಯಲೇಬೇಕಾದರೆ ಪದರ ಕಟ್ಟದೆ ಒಳಗೆ ಇಳಿದು ನೀರು ತಡೆಯುವ ಸಿಲೇನ್ ಸಿಲಾಕ್ಸೇನ್ ದ್ರಾವಣ ಆಗಬಹುದು, ಅದೂ ಪಾಚಿ ಸತ್ತು ಮಾಡು ಏಪ್ರಿಲ್ ಬಿಸಿಲಿಗೆ ಕಾದ ಮೇಲೆ. ಹೊಸದಾಗಿ ಕಟ್ಟುವವರು ಕಾಂಕ್ರೀಟಿನ ಮೇಲೆ ರೀಪು ಹೊಡೆದು ಹಂಚು ತೂಗುಹಾಕಿಸಿದರೆ ಈ ಇಡೀ ತಾಪತ್ರಯವೇ ಇಲ್ಲ.

ವಾಸ್ಕೋ, ಝುವಾರಿನಗರ ಕಡೆ ನಮ್ಮವರು ಇರುವ ಎಷ್ಟೋ ಕೋಣೆಗಳಿಗೆ ಹಂಚೇ ಇಲ್ಲ, ಸಿಮೆಂಟ್ ಶೀಟು. ಹಳೆಯ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ ಅಂತಲೇ ತಿಳಿದು ನಡೆಯಿರಿ. ಅದನ್ನು ಒಣಗಿದಾಗ ಕೆರೆಯುವುದು, ಉಜ್ಜುವುದು, ಪ್ರೆಷರ್ ನೀರು ಹೊಡೆಯುವುದು ಮೂರೂ ಸಲ್ಲ, ನಾರಿನ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಮೇಲೆ ಹತ್ತಲೂಬಾರದು, ಹಳೆ ಶೀಟು ಕಾಲಡಿಗೆ ಹಪ್ಪಳದಂತೆ ಮುರಿಯುತ್ತದೆ. ಏಣಿಯನ್ನು ಗೋಡೆಗೆ ಒರಗಿಸಿ, ಸೂರಿನ ಬಳಿ ನಿಂತೇ ಉದ್ದ ಕೊಳವೆಯ ಸ್ಪ್ರೇಯರಿನಿಂದ ಬಿಕೆಸಿ ಹೊಡೆದು, ಸತ್ತ ಪಾಚಿಯನ್ನು ಮುಂದಿನ ಮಳೆಗೇ ಬಿಟ್ಟುಬಿಡಿ. ಅದು ಸೂರಿನಲ್ಲಿ ಬಂದು ಕೂಡುತ್ತದೆ, ಒದ್ದೆಯಿರುವಾಗಲೇ ಬಾಚಿ ಚೀಲಕ್ಕೆ ತುಂಬಿ.